1969ರ ಕ್ಯಾಮರೊ ಝಡ್28: ಅಸಲಿ ಹೌದೋ ಅಲ್ಲವೋ ಪತ್ತೆ ಮಾಡುವುದು, ಕೆಟ್ಟರೆ ಕಾರಣ ಹುಡುಕುವುದು

ಊರಲ್ಲಿ ಸೈಟ್ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ತಾಯಿ ಪತ್ರ ಕೇಳುತ್ತೇವೆ. ಇ.ಸಿ. ತೆಗೆಸುತ್ತೇವೆ. ಯಾರಿಂದ ಯಾರಿಗೆ ಬಂತು, ಯಾವ ವರ್ಷ ಬಂತು ಅಂತ ಒಂದೊಂದೇ ಪತ್ರ ಜೋಡಿಸಿ ನೋಡುತ್ತೇವೆ. ನಡುವೆ ಒಂದು ಕೊಂಡಿ ತಪ್ಪಿದರೂ ಮುಂಗಡ ಕೊಡುವುದಿಲ್ಲ. ಹಳೇ ಅಮೆರಿಕನ್ ಮಸಲ್ ಕಾರನ್ನೂ, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರನ್ನೂ, ಹಾಗೇ ಕೊಳ್ಳಬೇಕು. ಆದರೆ ಎಷ್ಟೋ ಜನ ಬಣ್ಣ ನೋಡಿ, ಎಂಜಿನ್ ಸದ್ದು ಕೇಳಿ ದುಡ್ಡು ಎಣಿಸಿಬಿಡುತ್ತಾರೆ.

ನಾನು ಇರುವುದು ಮಿಶಿಗನ್‌ನಲ್ಲಿ. ಆಗಸ್ಟ್ ಬಂದರೆ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ರಸ್ತೆ ಪೂರ್ತಿ ಹಳೇ ಕಾರುಗಳೇ. ಅದನ್ನು ನೋಡಿ ಆಸೆ ಹತ್ತಿದ ಕನ್ನಡದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ: "ಒಂದು ಕ್ಯಾಮರೊ ನೋಡಿದ್ದೀನಿ, ಬಂದು ನೋಡ್ತೀರಾ?" ಅವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲ ಕಾರುಗಳನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಗೆ ಸಿಗುವುದಿಲ್ಲ. ಹಾಗಾಗಿ ಒಂದೇ ಕಾರು ಹಿಡಿಯುತ್ತೇನೆ: 1969ರ ಷೆವರ್ಲೆ ಕ್ಯಾಮರೊ ಝಡ್28.

ಇದನ್ನೇ ಯಾಕೆ ಹಿಡಿದೆ ಅಂದರೆ, ಇದರ ಅಸಲಿತನ ಒಂದೇ ನಂಬರಿನಲ್ಲಿ ಸಿಗುವುದಿಲ್ಲ. ಟ್ರಾನ್ಸ್-ಆಮ್ ರೇಸಿನಲ್ಲಿ ಎಂಜಿನ್ 305 ಕ್ಯೂಬಿಕ್ ಇಂಚು, ಅಂದರೆ 5 ಲೀಟರ್ ಮೀರಬಾರದು ಅಂತ ನಿಯಮ ಇತ್ತು. ಷೆವರ್ಲೆಯವರು 4 ಇಂಚು ಬೋರ್ (ಸಿಲಿಂಡರಿನ ಅಗಲ) ಇರುವ 327 ಎಂಜಿನ್ನಿನ ಬ್ಲಾಕಿಗೆ 3 ಇಂಚು ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ 283 ಎಂಜಿನ್ನಿನ ಅಳತೆಯ ಕ್ರ್ಯಾಂಕ್ ಹಾಕಿ 302 ಕ್ಯೂಬಿಕ್ ಇಂಚಿನ ಎಂಜಿನ್ ಮಾಡಿದರು. ಕಾಗದದ ಮೇಲೆ 290 ಹಾರ್ಸ್‌ಪವರ್. 1967ರಲ್ಲಿ ಇಂಥ ಕಾರು ಬಂದದ್ದು 602 ಮಾತ್ರ. ರೇಸ್ ಚಾಲಕ ಮಾರ್ಕ್ ಡೊನೊಹ್ಯೂ ಪೆನ್ಸ್ಕಿ ತಂಡದ ಕ್ಯಾಮರೊ ಓಡಿಸಿ 1968ರಲ್ಲೂ 1969ರಲ್ಲೂ ಷೆವರ್ಲೆಗೆ ಚಾಂಪಿಯನ್ ಪಟ್ಟ ತಂದರು. 1969ರಲ್ಲಿ ಒಟ್ಟು 2,43,085 ಕ್ಯಾಮರೊ ತಯಾರಾದವು. ಅವುಗಳಲ್ಲಿ ಝಡ್28 ಇದ್ದದ್ದು 20,302. ಉಳಿದ ಎರಡು ಲಕ್ಷದ ಚಿಲ್ಲರೆ ಕಾರುಗಳ ಮೇಲೆ ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿದರೆ ದೂರದಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸ.

ಮನೆಯಿಂದ ಹೊರಡುವ ಮುಂಚೆ

ಮಾರುವವರಿಗೆ ಫೋನ್ ಮಾಡಿ ಮೂರು ಫೋಟೊ ಕೇಳಿ. ಡ್ಯಾಶ್‌ಬೋರ್ಡ್ ಮೇಲಿನ ಚಾಸಿಸ್ ನಂಬರ್ ತಗಡು, ಎಂಜಿನ್ ಕೋಣೆಯ ಹಿಂಗೋಡೆಯ ಮೇಲಿನ ಬಾಡಿ ತಗಡು, ಎಂಜಿನ್ ಮುಂದಿನ ನಂಬರ್ ಪಟ್ಟಿ. ಕೊಡಲು ಹಿಂಜರಿದರೆ ಪೆಟ್ರೋಲ್ ಸುಟ್ಟುಕೊಂಡು ಹೋಗಬೇಡಿ.

ಇನ್ನೂ ಮೂರು ಪ್ರಶ್ನೆ ಕೇಳಿ. ಆಟೊಮ್ಯಾಟಿಕ್ ಗೇರಾ? ಕಂಪನಿ ಎ.ಸಿ. ಇದೆಯಾ? ಮೇಲ್ಛಾವಣಿ ಮಡಚುವ ಕನ್ವರ್ಟಿಬಲ್ಲಾ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಅದು 1969ರ ಝಡ್28 ಆಗಿ ಕಾರ್ಖಾನೆಯಿಂದ ಬಂದದ್ದಲ್ಲ. ಆ ವರ್ಷ ಝಡ್28 ಬೇಕೆಂದವರು 4 ಸ್ಪೀಡ್ ಮ್ಯಾನುವಲ್ ಗೇರ್‌ಬಾಕ್ಸನ್ನೂ ಮುಂದಿನ ಡಿಸ್ಕ್ ಬ್ರೇಕನ್ನೂ ತೆಗೆದುಕೊಳ್ಳಲೇಬೇಕಿತ್ತು. 302 ಎಂಜಿನ್ ಜೊತೆ ಎ.ಸಿ. ಸಿಗುತ್ತಿರಲಿಲ್ಲ. ಇಷ್ಟು ತಿಳಿದಿದ್ದರೆ ಅರ್ಧ ಜಾಹೀರಾತುಗಳನ್ನು ಕೂತಲ್ಲೇ ಬದಿಗಿಡಬಹುದು.

ಚಾಸಿಸ್ ನಂಬರ್: ಏನು ಹೇಳುತ್ತದೆ, ಏನು ಹೇಳುವುದಿಲ್ಲ

1969ರ ಕ್ಯಾಮರೊದಲ್ಲಿ ಇದು ಡ್ರೈವರ್ ಕಡೆ, ಮುಂದಿನ ಗಾಜಿನ ಒಳಗೆ ಕಾಣುತ್ತದೆ. ಅಮೆರಿಕದ ಕಾರು, ಡ್ರೈವರ್ ಎಡಗಡೆ. ಒಟ್ಟು 13 ಅಕ್ಷರ. ಉದಾಹರಣೆಗೆ 124379ಎನ್, ಆಮೇಲೆ ಆರಂಕಿ. 1 ಅಂದರೆ ಷೆವರ್ಲೆ. 24 ಅಂದರೆ ವಿ8 ಎಂಜಿನ್ನಿನ ಕ್ಯಾಮರೊ. 23 ಇದ್ದರೆ ಆರು ಸಿಲಿಂಡರ್. 37 ಅಂದರೆ ಕೂಪೆ (ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು), 67 ಅಂದರೆ ಕನ್ವರ್ಟಿಬಲ್. 9 ಅಂದರೆ 1969. ಎನ್ ಅಂದರೆ ಓಹಾಯೊದ ನಾರ್ವುಡ್ ಕಾರ್ಖಾನೆ, ಎಲ್ ಅಂದರೆ ಕ್ಯಾಲಿಫೋರ್ನಿಯದ ವ್ಯಾನ್ ನೈಸ್. ಕೊನೆಯ ಆರಂಕಿ 500001ರಿಂದ ಶುರು.

ಅಷ್ಟೇ. ಇದರಲ್ಲಿ ಝಡ್28 ಅನ್ನುವ ಮಾತೇ ಇಲ್ಲ. 307 ಎಂಜಿನ್ನಿನ ಸಾದಾ ಕಾರಿಗೂ 302ರ ಝಡ್28ಕ್ಕೂ ಇಲ್ಲಿ ಒಂದೇ 12437. "ವಿನ್ (ಚಾಸಿಸ್ ನಂಬರ್) ಪ್ರಕಾರ ಇದು ಅಸಲಿ ಝಡ್28" ಅಂತ 1969ರ ಕಾರಿನ ಬಗ್ಗೆ ಯಾರಾದರೂ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ ಅಂತ ತಿಳಿಯಿರಿ.

ತಗಡು ಹಿಡಿದಿರುವ ರಿವೆಟ್ ನೋಡಿ. ಅಸಲಿ ರಿವೆಟ್ಟಿನ ತಲೆ ಆರು ದಳದ ಹೂವಿನ ಹಾಗಿರುತ್ತದೆ. ದುಂಡು ತಲೆಯ ಪಾಪ್ ರಿವೆಟ್ ಇದ್ದರೆ ತಗಡನ್ನು ಯಾರೋ ಕಿತ್ತಿದ್ದಾರೆ. ಅಲ್ಲಿಗೇ ನಿಲ್ಲಿಸಿ. ಚಾಸಿಸ್ ನಂಬರ್ ಕೀಳುವುದು, ತಿದ್ದುವುದು ಅಮೆರಿಕದ ಕೇಂದ್ರ ಕಾನೂನಿನಲ್ಲೇ ಅಪರಾಧ. ಕದ್ದ ಕಾರೇ ಆಗಿದ್ದರೆ ಕಾರೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ತಗಡಿನ ಮೇಲೆ ಸಂಶಯ ಬಂದರೆ ಬಚ್ಚಿಟ್ಟ ನಂಬರ್ ಇದೆ. ಇದೇ ನಂಬರಿನ ಒಂದು ಭಾಗವನ್ನು ಬಾಡಿಯ ಮೇಲೆ ಎರಡು ಕಡೆ ಪಂಚ್ ಮಾಡಿರುತ್ತಾರೆ. ಒಂದು, ವೈಪರ್ ಮುಂದಿನ ಗಾಳಿ ಜಾಲರಿಯ ಕೆಳಗೆ. ಇನ್ನೊಂದು, ಎಂಜಿನ್ ಹಿಂಗೋಡೆಯಲ್ಲಿ, ಹೀಟರ್ ಪೆಟ್ಟಿಗೆಯ ಹಿಂದೆ. ಜಾಲರಿ ಬಿಚ್ಚಲು ಕೆಲವೇ ಸ್ಕ್ರೂ. ಮಾರುವವರ ಒಪ್ಪಿಗೆ ಪಡೆದು ಬಿಚ್ಚಿ, ಟಾರ್ಚ್ ಬೆಳಕು ಬಿಟ್ಟು ನೋಡಿ, ಡ್ಯಾಶ್ ಮೇಲಿನ ನಂಬರಿಗೆ ತಾಳೆ ಹಾಕಿ.

ಬಾಡಿ ತಗಡು

ಎಂಜಿನ್ ಹಿಂಗೋಡೆಯಲ್ಲಿ ಡ್ರೈವರ್ ಕಡೆ ಒಂದು ಚಿಕ್ಕ ತಗಡು ಇರುತ್ತದೆ. ಬಾಡಿ ಮಾಡಿದ ಫಿಶರ್ ಬಾಡಿಯವರು ಹಾಕಿದ್ದು. ಒಳಗಿನ ಸೀಟು-ಬಟ್ಟೆಯ ಸಂಕೇತ, ಬಣ್ಣದ ಸಂಕೇತ, ತಯಾರಾದ ತಿಂಗಳು-ವಾರ ಎಲ್ಲ ಇದರಲ್ಲಿದೆ. ಬಣ್ಣದಲ್ಲಿ 72 ಅಂದರೆ ಹಗ್ಗರ್ ಆರೆಂಜ್, 71 ಲೆಮಾನ್ಸ್ ಬ್ಲೂ, 10 ಕಪ್ಪು, 50 ಡೋವರ್ ವೈಟ್. ಕಾರು ಈಗ ಕಿತ್ತಳೆ, ತಗಡಿನಲ್ಲಿ 50 ಅಂದರೆ ಬಣ್ಣ ಬದಲಾಗಿದೆ. ಅದು ಮೋಸ ಅಂತಲ್ಲ, ಆದರೆ ಬೆಲೆಗೆ ಸಂಬಂಧಪಟ್ಟ ವಿಷಯ. ದಿನಾಂಕ 02ಸಿ ಅಂತ ಇದ್ದರೆ ಫೆಬ್ರುವರಿ ಮೂರನೇ ವಾರ.

ಈಗ ಮುಖ್ಯವಾದ ಮಾತು. ನಾರ್ವುಡ್ ಕಾರ್ಖಾನೆಯವರು 1968ರ ಡಿಸೆಂಬರ್ ನಡುವಿನಿಂದ ಈ ತಗಡಿನ ಮೇಲೆ ಎಕ್ಸ್ ಸಂಕೇತ ಹಾಕತೊಡಗಿದರು. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಝಡ್28. ಎಕ್ಸ್22 ಅಥವಾ ಎಕ್ಸ್66 ಇದ್ದರೆ 396 ಎಂಜಿನ್ನಿನ ಎಸ್‌ಎಸ್ (ಸೂಪರ್ ಸ್ಪೋರ್ಟ್) ಮಾದರಿ. ಎಕ್ಸ್44 ಸಾದಾ ಬಾಡಿ. ವ್ಯಾನ್ ನೈಸ್‌ನಲ್ಲಿ ಈ ಸಂಕೇತ ಬಳಸಲೇ ಇಲ್ಲ. ಹಾಗಾಗಿ ಕ್ಯಾಲಿಫೋರ್ನಿಯದ ಕಾರಿನಲ್ಲಿ ಎಕ್ಸ್ ಇಲ್ಲ ಅಂತ ಗಾಬರಿಯಾಗಬೇಡಿ, ಇದ್ದರೆ ಗಾಬರಿಯಾಗಿ.

ಈ ತಗಡಿನ ನಕಲು ಮಾಡಿಕೊಡುವವರು ಇದ್ದಾರೆ. ಆದ್ದರಿಂದ ಎಕ್ಸ್33 ಕಂಡ ತಕ್ಷಣ ಕುಣಿಯಬೇಡಿ. ತಗಡಿನ ಹಿಂದೆ, ಅಂಚಿನಲ್ಲಿ ಯಾವ ಬಣ್ಣ ಇದೆ, ರಿವೆಟ್ ಸುತ್ತ ಬಣ್ಣ ಒಡೆದಿದೆಯಾ ಅಂತ ನೋಡಿ. ಹಿಂಗೋಡೆ ಐವತ್ತು ವರ್ಷದ ಎಣ್ಣೆ-ಧೂಳಿನಲ್ಲಿ ಮಾಸಿದ್ದು ತಗಡು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಕೇಳಿ.

ಎಂಜಿನ್ ಮುಂದಿನ ಪಟ್ಟಿ: ಇಲ್ಲಿ ಆತುರ ಬೇಡ

ಅರ್ಧ ದಿನ ಇದ್ದರೆ ಅದರಲ್ಲಿ ಒಂದು ಗಂಟೆ ಇಲ್ಲಿಗೇ ಕೊಡಿ. ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಬೆರಳಗಲದ ಚಪ್ಪಟೆ ಜಾಗ ಇರುತ್ತದೆ. ಆಲ್ಟರ್ನೇಟರ್ ಮರೆಯಲ್ಲಿರುವುದರಿಂದ ಬಗ್ಗಿ ನೋಡಬೇಕು.

ಜಿಡ್ಡು ಇದ್ದರೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ. ತಂತಿ ಬ್ರಷ್, ಉಪ್ಪು ಕಾಗದ, ಸ್ಕ್ರೂಡ್ರೈವರ್ ಯಾವುದೂ ಮುಟ್ಟಿಸಬೇಡಿ. ಕಾರ್ಖಾನೆಯಲ್ಲಿ ಈ ಜಾಗವನ್ನು ಯಂತ್ರದಲ್ಲಿ ಸಪಾಟು ಮಾಡಿದಾಗ ಮುಂದಿನಿಂದ ಹಿಂದಕ್ಕೆ ಸಣ್ಣ ಸಣ್ಣ ಗೆರೆ ಬಿದ್ದಿರುತ್ತವೆ. ಭತ್ತದ ಗದ್ದೆಯ ಸಾಲಿನ ಹಾಗೆ ಒಂದೇ ದಿಕ್ಕಿಗೆ, ಒಂದಕ್ಕೊಂದು ಸಮ. ಆ ಗೆರೆಗಳೇ ಸಾಕ್ಷಿ. ತಿಕ್ಕಿದರೆ ಸಾಕ್ಷಿ ಅಳಿಸಿಹೋಗುತ್ತದೆ, ಆಮೇಲೆ ಅಸಲಿ ಎಂಜಿನ್ನೂ ಸಂಶಯಕ್ಕೆ ಬೀಳುತ್ತದೆ.

ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಆಗ ಗೆರೆ, ಅಕ್ಷರ ಎಲ್ಲ ಎದ್ದು ಕಾಣುತ್ತವೆ. ಎರಡು ನಂಬರ್ ಹುಡುಕಬೇಕು. ಒಂದು ವಿ0125ಡಿಝಡ್ ಥರ ಇರುತ್ತದೆ. ವಿ ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0125 ಅಂದರೆ ಜನವರಿ 25, ಡಿಝಡ್ ಅಂದರೆ 1969ರ 302. ಇನ್ನೊಂದು 19ಎನ್ ಅಂತ ಶುರುವಾಗಿ ಮುಂದೆ ಕಾರಿನ ಚಾಸಿಸ್ ನಂಬರಿನ ಕೊನೆಯ ಆರಂಕಿ ಇರುತ್ತದೆ. ಕೆಲವು ಬ್ಲಾಕುಗಳಲ್ಲಿ ಈ ಎರಡನೆಯದು ಮುಂದೆ ಇರುವುದಿಲ್ಲ, ಆಯಿಲ್ ಫಿಲ್ಟರ್ ಪಕ್ಕದಲ್ಲಿ ಇರುತ್ತದೆ. ಅಲ್ಲಿಯೂ ನೋಡದೆ ಇಲ್ಲ ಅನ್ನಬೇಡಿ.

ಒಂದು ಸೂಕ್ಷ್ಮ ಇದೆ. ಮೊದಲ ನಂಬರನ್ನು ಫ್ಲಿಂಟ್‌ನಲ್ಲಿ ಒಬ್ಬರು ಪಂಚ್ ಮಾಡಿದ್ದು. ಎರಡನೆಯದನ್ನು ನಾರ್ವುಡ್‌ನಲ್ಲಿ, ಕಾರಿಗೆ ಎಂಜಿನ್ ಕೂರಿಸುವಾಗ, ಬೇರೆ ಉಪಕರಣದಲ್ಲಿ ಇನ್ನೊಬ್ಬರು ಪಂಚ್ ಮಾಡಿದ್ದು. ಎರಡು ಊರು, ಎರಡು ಕೈ. ಹಾಗಾಗಿ ಅಕ್ಷರದ ಗಾತ್ರ, ಆಳ, ಸಾಲು ಬೇರೆ ಬೇರೆ ಇರುವುದು ಸಹಜ. ಎರಡೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ನೀಟಾಗಿದ್ದರೆ ಒಂದೇ ಕೈ, ಒಂದೇ ದಿನ ಒತ್ತಿರಬಹುದು. ಸಾಲಿನಂಥ ಗೆರೆಗಳು ಇಲ್ಲದೆ ಜಾಗ ಕನ್ನಡಿಯಂತೆ ನುಣ್ಣಗಿದ್ದರೆ ಅಥವಾ ಗೆರೆ ಅಡ್ಡಡ್ಡ ಇದ್ದರೆ ಬ್ಲಾಕನ್ನು ಮತ್ತೆ ಮಷೀನಿಗೆ ಹಾಕಿದ್ದಾರೆ. ಎಂಜಿನ್ ರಿಪೇರಿಯಲ್ಲಿ ಹೀಗೆ ಮಾಡುವುದುಂಟು, ಅದು ಕೆಟ್ಟ ಉದ್ದೇಶದ್ದೇ ಆಗಬೇಕಿಲ್ಲ. ಆದರೆ ನುಣುಪಾದ ಜಾಗದ ಮೇಲೆ ಹೊಸ ನಂಬರ್ ಇದ್ದರೆ ಉದ್ದೇಶ ಸ್ಪಷ್ಟ.

ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನಲ್ಲಿ, ಎರಕದ ನಂಬರ್ ಮತ್ತು ಎರಕದ ದಿನಾಂಕ ಉಬ್ಬಿರುತ್ತವೆ. ಎ 15 9 ಅಂದರೆ 1969ರ ಜನವರಿ 15. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರುವರಿ, ಹೀಗೆ. ಎರಕದ ನಂಬರ್ 3970010 ಇದ್ದರೆ ಕೆಲವರು ಅದನ್ನೇ ದೊಡ್ಡ ಪುರಾವೆ ಅನ್ನುತ್ತಾರೆ. ನಂಬಬೇಡಿ. ಅದೇ ನಂಬರಿನ ಬ್ಲಾಕಿನಲ್ಲಿ ಮುಂದೆ ಎಷ್ಟೋ ವರ್ಷ 350 ಎಂಜಿನ್ ಬಂದವು.

ದಿನಾಂಕಗಳ ಸರಪಣಿ

ನಾನು ಇಡೀ ಕಾರಿನಲ್ಲಿ ನೋಡುವುದು ಇದನ್ನೇ. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಒಂದೊಂದರ ನಡುವೆ ಸಾಮಾನ್ಯವಾಗಿ ಕೆಲವು ದಿನ ಅಥವಾ ಕೆಲವು ವಾರ. ಮಗ ಅಪ್ಪನಿಗಿಂತ ಮೊದಲು ಹುಟ್ಟಲು ಆಗುವುದಿಲ್ಲ ಅಲ್ವಾ?

ಹಾಸನದ ಕಡೆಯ ಗೆಳೆಯರೊಬ್ಬರು, ನನಗಿಂತ ಚಿಕ್ಕವರು, ಓಹಾಯೊದಲ್ಲಿ ಒಂದು ಕಿತ್ತಳೆ ಬಣ್ಣದ ಝಡ್28 ನೋಡಿದ್ದರು. ಮಾರುತ್ತಿದ್ದವರು ವಯಸ್ಸಾದ ಸಜ್ಜನರು. ಇಬ್ಬರೂ ಹೋದೆವು. ಬಾಡಿ ತಗಡಿನಲ್ಲಿ 72, ಬಣ್ಣ ಸರಿ. ದಿನಾಂಕ 02ಸಿ. ಪಕ್ಕದಲ್ಲೇ ಎಕ್ಸ್44. ನಾನು ಏನೂ ಹೇಳದೆ ಎಂಜಿನ್ ಪಟ್ಟಿ ಒರೆಸಿದೆ. ಗೆರೆಗಳು ಚೆನ್ನಾಗಿ ಕಾಣುತ್ತಿದ್ದವು, ಯಾರೂ ಮುಟ್ಟಿಲ್ಲ. ವಿ0411ಡಿಝಡ್. ನಿಜವಾದ 302! ಆದರೆ ಏಪ್ರಿಲ್ 11ರಂದು ಜೋಡಿಸಿದ್ದು. ಫೆಬ್ರುವರಿ ಮೂರನೇ ವಾರದ ಕಾರಿಗೆ ಏಪ್ರಿಲ್‌ನ ಎಂಜಿನ್ ಹೇಗೆ ಬಂತು? 19ಎನ್ ನಂತರದ ಆರಂಕಿ ಓದಿದೆ. ಈ ಕಾರಿನದ್ದಲ್ಲ. ಯಾವುದೋ ಅಸಲಿ ಝಡ್28ನ ಎಂಜಿನ್ ಈ ಸಾದಾ ಕ್ಯಾಮರೊದಲ್ಲಿ ಬಂದು ಕೂತಿತ್ತು.

"ಅಣ್ಣಾ, ಹಾಗಾದ್ರೆ ಇದು ಡೂಪ್ಲಿಕೇಟಾ?" ಅಂತ ಅವರು ಮೆಲ್ಲಗೆ ಕನ್ನಡದಲ್ಲಿ ಕೇಳಿದರು.

"ಕಾರು ಒಳ್ಳೇದೇ ಕಣಪ್ಪ. ಇಟ್ಟಿರೋ ಹೆಸರು ಇದರದ್ದಲ್ಲ, ಅಷ್ಟೇ."

ಮಾರುವವರಿಗೂ ತೋರಿಸಿದೆವು. ಅವರಿಗೂ ಅದು ಗೊತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಹಾಗೇ ಕೊಂಡಿದ್ದರು. ತುಂಬ ಹೊತ್ತು ಸುಮ್ಮನಿದ್ದು, ಬೆಲೆ ಇಳಿಸಿದರು. ಗೆಳೆಯರು ಅದನ್ನು ಸಾದಾ ಕ್ಯಾಮರೊ ಅಂತಲೇ ಕೊಂಡರು, ಕಾಗದದಲ್ಲೂ ಹಾಗೇ ಬರೆಸಿದರು. ನನ್ನ ಮಟ್ಟಿಗೆ ಅದು ಒಳ್ಳೆಯ ವ್ಯವಹಾರ.

ಒಂದು ಗುಂಡಿ ಇದೆ, ಬೀಳಬೇಡಿ. ಎಂಜಿನ್ ಪಟ್ಟಿಯಲ್ಲೂ ಬಾಡಿ ದಿನಾಂಕದಲ್ಲೂ ವರ್ಷ ಇರುವುದಿಲ್ಲ. ಹೊಸ ಮಾದರಿ ತಡವಾಗಿ 1970ರಲ್ಲಿ ಬಂದದ್ದರಿಂದ 1969ರ ಮಾದರಿಯನ್ನು ಮಾಮೂಲಿಗಿಂತ ಜಾಸ್ತಿ ದಿನ ತಯಾರಿಸಿದರು. ಹಾಗಾಗಿ ತಗಡಿನಲ್ಲಿ 10 ಇದ್ದರೆ ಅದು 1968ರ ಅಕ್ಟೋಬರ್ ಇರಬಹುದು, 1969ರದ್ದೂ ಇರಬಹುದು. ಚಾಸಿಸ್ ನಂಬರ್ 500001ರ ಹತ್ತಿರವೋ ದೂರವೋ ನೋಡಿ. ಎರಕದ ದಿನಾಂಕದ ಕೊನೆಯ ಅಂಕೆ 8 ಅಥವಾ 9 ಇರುತ್ತದೆ, ಅದೂ ಹೇಳುತ್ತದೆ.

ಉಳಿದ ಕೊಂಡಿಗಳು

ಕಾರಿನ ಕೆಳಗೆ ಮಲಗಿ. ಮನ್ಸಿ ಗೇರ್‌ಬಾಕ್ಸಿನ ಮೇಲೆ ಪಿ9ಎ15ಬಿ ಥರ ಇದ್ದರೆ ಪಿ ಅಂದರೆ ಮನ್ಸಿ ಕಾರ್ಖಾನೆ, 9 ವರ್ಷ, ಎ15 ಜನವರಿ 15. ಕೊನೆಯ ಅಕ್ಷರ ಗೇರ್‌ಬಾಕ್ಸಿನ ಮಾದರಿ: ಎ ಅಂದರೆ ಎಂ20, ಬಿ ಅಂದರೆ ಎಂ21, ಸಿ ಅಂದರೆ ಎಂ22. ಇದರ ಮೇಲೂ ಚಾಸಿಸ್ ನಂಬರಿನ ತುಣುಕು ಇರಬೇಕು. ಹಿಂದಿನ ಆಕ್ಸಲ್ಲಿನ ಮುಚ್ಚಳದಲ್ಲಿ ಬೋಲ್ಟ್ ಎಣಿಸಿ: 12 ಇರಬೇಕು. ಪಟ್ಟಾ ಸ್ಪ್ರಿಂಗಿನಲ್ಲಿ ಒಂದೇ ಪಟ್ಟಾ ಇದ್ದರೆ ಅದು ಸಾದಾ ಕಾರಿನ ಸ್ಪ್ರಿಂಗ್. ಝಡ್28ಕ್ಕೆ ಹಲವು ಪಟ್ಟಾ. ಪ್ಯಾಸೆಂಜರ್ ಕಡೆ ಆಕ್ಸಲ್ ಕೊಳವೆಯ ಮುಂಭಾಗದಲ್ಲೂ ದಿನಾಂಕ ಪಂಚ್ ಆಗಿರುತ್ತದೆ. ಕಾರ್ಬ್ಯುರೇಟರ್ ಹಾಲಿ (Holley) ಕಂಪನಿಯ 780, ಅದರ ಮೇಲೆ 4053 ಅಂತ ಇರುತ್ತದೆ.

ಮಲಗಿದಾಗಲೇ ತುಕ್ಕೂ ನೋಡಿಬಿಡಿ. ಡಿಕ್ಕಿಯ ನೆಲ, ಹಿಂಚಕ್ರದ ಮೇಲಿನ ಬಾಡಿ, ಹಿಂಗಾಜಿನ ಕೆಳಗೆ, ಮುಂದಿನ ಸಬ್‌ಫ್ರೇಮ್ ಬಾಡಿಗೆ ಕೂರುವ ಜಾಗ. ರೆಗ್ಜಿನ್ ಹೊದಿಸಿದ ಛಾವಣಿ ಇದ್ದರೆ ಅದರಡಿ ನೀರು ನಿಂತು ತುಕ್ಕು ಹಿಡಿದಿರುತ್ತದೆ. ವೈಪರ್ ಜಾಲರಿಗೆ ಒಂದು ಚೊಂಬು ನೀರು ಹಾಕಿ, ಒಳಗಿನ ಮ್ಯಾಟ್ ಕೈಯಿಂದ ಮುಟ್ಟಿ. ಒದ್ದೆಯಾದರೆ ಮುಂದಿನ ಗಾಜು, ಡ್ಯಾಶ್ ಎಲ್ಲ ಬಿಚ್ಚುವ ಕೆಲಸ ಕಾದಿದೆ. ಪುಟ್ಟಿ ಹಾಕಿ ಮುಚ್ಚಿದ್ದಾರಾ ತಿಳಿಯಲು ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಸಾಕು.

ಕಾಗದಗಳು. ಆಗ ಹೊಸ ಕಾರಿನ ವಾರಂಟಿ ಪುಸ್ತಕದ ಜೊತೆ ಪ್ರೊಟೆಕ್ಟ್-ಓ-ಪ್ಲೇಟ್ ಅಂತ ಚಿಕ್ಕ ಲೋಹದ ತಗಡು ಕೊಡುತ್ತಿದ್ದರು. ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಸಂಕೇತಗಳೆಲ್ಲ ಅದರಲ್ಲಿ. ಬಿಲ್ಡ್ ಶೀಟ್ ಅನ್ನುವ ಕಾಗದ ಕೆಲವೊಮ್ಮೆ ಸೀಟಿನ ಸ್ಪ್ರಿಂಗಿನಲ್ಲಿ, ಪೆಟ್ರೋಲ್ ಟ್ಯಾಂಕ್ ಮೇಲೆ ಮಡಚಿ ಸಿಕ್ಕಿಕೊಂಡಿರುತ್ತದೆ. ಎರಡಕ್ಕೂ ನಕಲು ಇವೆ. ಕಾಗದ ಚೆನ್ನಾಗಿದ್ದು ಕಬ್ಬಿಣ ಒಪ್ಪದಿದ್ದರೆ ನಾನು ಕಬ್ಬಿಣವನ್ನೇ ನಂಬುತ್ತೇನೆ.

ಬೇರೆ ಕಾರು ನೋಡುತ್ತಿದ್ದರೆ ಚುಟುಕಾಗಿ ಇಷ್ಟು. ಪಾಂಟಿಯಾಕ್‌ನ ಹಳೇ ಬಿಲ್ಲಿಂಗ್ ದಾಖಲೆ ಪಿಎಚ್‌ಎಸ್ ಅನ್ನುವ ಸಂಸ್ಥೆಯಲ್ಲಿ ಸಿಗುತ್ತದೆ. 1966ರಿಂದ 1971ರವರೆಗೆ ಪಾಂಟಿಯಾಕ್ ಜಿಟಿಒ ಚಾಸಿಸ್ ನಂಬರ್ 242 ಅಂತ ಶುರು, 1964-65ರಲ್ಲಿ ನಂಬರ್ ನೋಡಿ ಹೇಳಲು ಆಗುವುದಿಲ್ಲ. 1967ರಿಂದ ಈಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ (ಫೋರ್ಡ್ ಕಂಪನಿಯ ದಾಖಲೆಯಿಂದ ತೆಗೆದ ಕಾರಿನ ವಿವರ) ತರಿಸಿ. ಫೋರ್ಡ್, ಪ್ಲಿಮತ್, ಡಾಡ್ಜ್ ಕಾರುಗಳ ಚಾಸಿಸ್ ನಂಬರಿನ ಐದನೇ ಅಕ್ಷರವೇ ಎಂಜಿನ್ ಹೇಳುತ್ತದೆ: 1969ರ ಮಸ್ಟಾಂಗ್‌ನಲ್ಲಿ ಜಿ ಅಂದರೆ ಫೋರ್ಡಿನದೇ ಬಾಸ್ 302 ಎಂಜಿನ್, 1970ರ ಪ್ಲಿಮತ್‌ನಲ್ಲಿ ಆರ್ ಅಂದರೆ ಹೆಮಿ ಎಂಜಿನ್. ಷೆವರ್ಲೆಯದೇ ಷೆವೆಲ್ ಎಸ್‌ಎಸ್ 1966ರಿಂದ 1968ರವರೆಗೆ 138 ಅಂತ ಶುರು, ಆಮೇಲೆ ಅದೂ ಕ್ಯಾಮರೊ ಥರ ಬಾಯಿ ಬಿಡುವುದಿಲ್ಲ.

ಕೊಂಡಾಯಿತು. ಈಗ ಸ್ಟಾರ್ಟ್ ಆಗುತ್ತಿಲ್ಲ

ನಂಬರ್ ಓದುವಾಗ ಕ್ರಮ ಬಿಡಲಿಲ್ಲ, ಇಲ್ಲೂ ಬಿಡಬಾರದು. ಮೊದಲು ಕರೆಂಟ್, ಆಮೇಲೆ ಕಿಡಿ, ಆಮೇಲೆ ಪೆಟ್ರೋಲ್. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಭಾಗ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು, ಓಡುವಾಗ 14ರ ಆಸುಪಾಸು. ಸ್ಟಾರ್ಟರ್ ತಿರುಗಿಸುತ್ತಾ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಬಣ್ಣ ಹೊಡೆಸಿದ ಕಾರುಗಳಲ್ಲಿ ಇದು ಬಹಳ. ಅರ್ಥ್ ಪಟ್ಟಿ ಕೂರುವ ಜಾಗದ ಮೇಲೂ ಬಣ್ಣ ಹೊಡೆದಿರುತ್ತಾರೆ. ಕೆರೆದು ಬಿಗಿ ಮಾಡಿದರೆ ಎಷ್ಟೋ ವಿಚಿತ್ರ ಕಾಯಿಲೆ ಅಲ್ಲಿಗೇ ವಾಸಿ.

ಹಾಸನದ ಗೆಳೆಯರ ಅದೇ ಕಿತ್ತಳೆ ಕಾರು ಎರಡನೇ ತಿಂಗಳಲ್ಲಿ ಕೈಕೊಟ್ಟಿತು. ಕೀ ತಿರುಗಿಸಿದರೆ ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ತಕ್ಷಣ ಆಫ್. ಒಂದು ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಬದಲಿಸಿ ಅಂದಿದ್ದರಂತೆ. ನಾನು ಫೋನಿನಲ್ಲೇ ಬೇಡ ಅಂದೆ. ಈ ಲಕ್ಷಣ ಕಿಡಿಯದ್ದು. ಸ್ಟಾರ್ಟರ್ ತಿರುಗುವಾಗ ಕಿಡಿಗೆ ಬೇಕಾದ ಕರೆಂಟ್ ಹುಟ್ಟಿಸುವ ಕಾಯಿಲಿಗೆ ಒಂದು ತಂತಿಯಲ್ಲಿ ಪೂರ್ತಿ ಬ್ಯಾಟರಿ ಕರೆಂಟ್ ಹೋಗುತ್ತದೆ. ಕೀ ಬಿಟ್ಟ ಮೇಲೆ ಇನ್ನೊಂದು ತಂತಿಯಲ್ಲಿ, ಕರೆಂಟ್ ತಗ್ಗಿಸುವ ರೆಸಿಸ್ಟೆನ್ಸ್ ತಂತಿಯಲ್ಲಿ, ಹೋಗುತ್ತದೆ. ಎರಡನೆಯದು ಕಡಿದಿದ್ದರೆ ಸರಿಯಾಗಿ ಹೀಗೇ ಆಗುವುದು. ಹೋಗಿ ನೋಡಿದರೆ ಹಿಂಗೋಡೆಯ ದೊಡ್ಡ ಕನೆಕ್ಟರಿನಲ್ಲಿ ಒಂದು ಪಿನ್ ಹಸಿರುಗಟ್ಟಿ ಸಡಿಲವಾಗಿತ್ತು. ಬಿಡಿಸಿ, ಉಜ್ಜಿ, ಬಿಗಿ ಮಾಡಿ ಹಾಕಿದೆವು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ತಂತಿ ಕಡಿದಿದೆ ಅಂತ ನೇರ 12 ವೋಲ್ಟ್ ಕೊಟ್ಟುಬಿಡುವವರು ಇದ್ದಾರೆ. ಹಾಗೆ ಮಾಡಿದರೆ ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟ್ ಕಡಿದು ಕೊಡುವ ಸ್ವಿಚ್) ಬೇಗ ಸುಟ್ಟುಹೋಗುತ್ತವೆ.

ಪಾಯಿಂಟ್ಸ್ ಹೊಂದಿಸುವುದು ಸುಲಭ. ಹೊಸದಕ್ಕೆ ಸಂದು 0.019 ಇಂಚು, ಬಳಸಿದ್ದಕ್ಕೆ 0.016. ಡ್ವೆಲ್, ಅಂದರೆ ಪಾಯಿಂಟ್ಸ್ ಮುಚ್ಚಿಕೊಂಡಿರುವ ಕೋನ, 30 ಡಿಗ್ರಿ. ಮೀಟರ್ ಇಲ್ಲದಿದ್ದರೆ ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರ್ ಮುಚ್ಚಳದ ಕಿಟಕಿ ಎತ್ತಿ, ಅಲೆನ್ ಕೀಯನ್ನು ಬಲಕ್ಕೆ ತಿರುಗಿಸುತ್ತಾ ಹೋಗಿ. ಎಂಜಿನ್ ಮುಗ್ಗರಿಸತೊಡಗಿದಾಗ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಪ್ಲಗ್ ತಂತಿ ಬಿಚ್ಚಿದರೆ ಮತ್ತೆ ಹಾಕುವ ಕ್ರಮ 1-8-4-3-6-5-7-2. 5 ಮತ್ತು 7 ಅದಲು ಬದಲಾದರೆ ಕೆಮ್ಮುತ್ತಾ ಓಡುತ್ತದೆ. ಎಂಜಿನ್ ಬಿಚ್ಚುವ ಮುಂಚೆ ಇದನ್ನು ನೋಡಿಬಿಡಿ.

302ರ ಸ್ವಭಾವವನ್ನು ಕಾಯಿಲೆ ಅಂದುಕೊಳ್ಳಬೇಡಿ

ಹೊಸದಾಗಿ ಕೊಂಡವರು ಮೊದಲು ಹೇಳುವುದು "ಟಕಟಕ ಸದ್ದು ಬರುತ್ತೆ" ಅಂತ. ಬರಬೇಕು. ಇದರಲ್ಲಿ ಕ್ಯಾಮ್‌ನಿಂದ ವಾಲ್ವ್ ಎತ್ತುವುದು ಸಾಲಿಡ್ ಲಿಫ್ಟರ್, ಸಂದನ್ನು ತಾನೇ ತುಂಬಿಕೊಳ್ಳುವುದಿಲ್ಲ. ಎಂಜಿನ್ ಬಿಸಿಯಾಗಿರುವಾಗ ಒಳವಾಲ್ವಿಗೂ ಹೊರವಾಲ್ವಿಗೂ 0.030 ಇಂಚು ಸಂದು ಬಿಡಬೇಕು. ಆ ಸಂದಿನ ಸದ್ದು ಅದು. ಹೊಲಿಗೆ ಮಷೀನಿನಂತೆ ಸಮನಾಗಿದ್ದರೆ ಚಿಂತೆ ಬೇಡ. ಒಂದು ಕಡೆಯಿಂದ ಮಾತ್ರ ಜೋರಾಗಿ ಬಂದರೆ ಸಂದು ನೋಡಿ. ಸಂದು ಸರಿಮಾಡಿದರೂ ಮತ್ತೆ ಮತ್ತೆ ಸಡಿಲವಾದರೆ ಕ್ಯಾಮ್ ಸವೆಯುತ್ತಿದೆ. ಈ ಹಳೇ ಕ್ಯಾಮ್‌ಗಳಿಗೆ ಝಿಂಕ್ ಅಂಶ ಇರುವ ಆಯಿಲ್ ಬೇಕು. ಇಂದಿನ ಮಾಮೂಲಿ ಕಾರಿನ ಆಯಿಲ್ಲಿನಲ್ಲಿ ಅದು ಕಡಿಮೆ.

ಎರಡನೆಯದು, ಐಡ್ಲಿಂಗ್‌ನಲ್ಲಿ ಕುಲುಕಾಟ. ಸಾದಾ ವಿ8ನಲ್ಲಿ ವ್ಯಾಕ್ಯೂಮ್ ಗೇಜ್ 17ರಿಂದ 21 ಇಂಚು ತೋರಿಸುತ್ತದೆ. ರೇಸಿಗೆಂದು ಮಾಡಿದ ಈ ಕ್ಯಾಮ್‌ನಲ್ಲಿ ಅದು ಸಹಜವಾಗಿಯೇ ಕೆಳಗಿರುತ್ತದೆ. ಕಡಿಮೆ ಇದೆ ಅನ್ನುವುದಕ್ಕಿಂತ ಮುಳ್ಳು ಹೇಗೆ ಆಡುತ್ತದೆ ಅನ್ನುವುದು ಮುಖ್ಯ. ಕ್ರಮವಾಗಿ ಒಂದೇ ತಾಳದಲ್ಲಿ ಬೀಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ರ್ಯಾಲಿ ಸ್ಪೋರ್ಟ್ ಮುಖದ ಕಾರಾದರೆ ಹೆಡ್‌ಲೈಟಿನ ಬಾಗಿಲು ತೆರೆಯುವುದೂ ವ್ಯಾಕ್ಯೂಮ್‌ನಿಂದಲೇ. ಬಾಗಿಲು ಸೋಮಾರಿಯಾಗಿ ತೆರೆದರೆ ಅಲ್ಲಿ ಎಲ್ಲೋ ಕೊಳವೆ ಸೀಳಿದೆ, ಐಡ್ಲಿಂಗ್ ಕೆಡಲೂ ಅದೇ ಕಾರಣ ಇರಬಹುದು.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬಂದರೆ ಹಾಲಿ ಕಾರ್ಬ್ಯುರೇಟರಿನ ಎರಡು ಐಡಲ್ ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ. ಎಂಜಿನ್ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪೆಟ್ರೋಲ್ ಬೇರೆ ದಾರಿಯಲ್ಲಿ ಹೋಗುತ್ತಿದೆ. ಸಾಮಾನ್ಯವಾಗಿ ಪವರ್ ವಾಲ್ವ್ ಹರಿದಿರುತ್ತದೆ. ಕಾರ್ಬ್ಯುರೇಟರಿನಲ್ಲಿ ಒಂದು ಸಲ ಜೋರಾಗಿ ಬ್ಯಾಕ್‌ಫೈರ್ ಆದರೂ ಅದು ಹರಿಯಬಹುದು. ಫ್ಲೋಟ್ ಮಟ್ಟ ನೋಡಲು ಪಕ್ಕದ ತಿರುಪು ಬಿಚ್ಚಿ: ಪೆಟ್ರೋಲ್ ಆ ತೂತಿನ ಕೆಳ ಅಂಚಿಗೆ ಬರಬೇಕು, ಹೊರಗೆ ಸುರಿಯಬಾರದು. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಹಳೇ ರಬ್ಬರ್ ಕೊಳವೆ ಅದರಲ್ಲಿ ಮೆತ್ತಗಾಗಿ ಒಡೆಯುತ್ತದೆ. ಕಾರು ಬಂದ ಮೊದಲ ವಾರವೇ ಎಲ್ಲ ಇಂಧನ ಕೊಳವೆ ಬದಲಿಸಿ. ಬಿಸಿಯಾಗಿ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗದಿದ್ದರೆ ಎರಡು ಸಾಧ್ಯತೆ: ಸ್ಟಾರ್ಟರ್ ಎಳೆದಾಡುತ್ತಾ ತಿರುಗಿದರೆ ಎಗ್ಸಾಸ್ಟ್ ಶಾಖಕ್ಕೆ ಅದು ಸೋತಿದೆ, ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪೆಟ್ರೋಲ್ ಕುದಿದಿದೆ. ಎಂಜಿನ್ ಕಾಯುವುದರಲ್ಲೂ ಹೀಗೇ ಬೇರ್ಪಡಿಸಿ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಕಾಯ್ದರೆ ಫ್ಯಾನ್, ಫ್ಯಾನ್ ಸುತ್ತಲಿನ ಮರೆ, ಟೈಮಿಂಗ್ ನೋಡಿ. ಹೆದ್ದಾರಿಯಲ್ಲಿ ಮಾತ್ರ ಕಾಯ್ದರೆ ರೇಡಿಯೇಟರ್ ಕಟ್ಟಿದೆ ಅಥವಾ ಕೆಳಗಿನ ಹೋಸ್ ಒಳಕ್ಕೆ ಕುಸಿಯುತ್ತಿದೆ.

ಬ್ರೇಕ್ ವಿಷಯದಲ್ಲಿ ಮಾತ್ರ ಹಳೆಯದನ್ನು ಉಳಿಸುವ ಆಸೆ ಬೇಡ. ರಬ್ಬರ್ ಬ್ರೇಕ್ ಕೊಳವೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಒಂದು ಚಕ್ರವನ್ನು ಹಿಡಿದಿಟ್ಟಿರುತ್ತದೆ. ಟೈರಿನ ಮೇಲಿನ ಡಾಟ್ (DOT) ಸಂಕೇತದ ಕೊನೆಯ ನಾಲ್ಕಂಕಿ ವಾರ ಮತ್ತು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಆ ಕಾರನ್ನು ಓಡಿಸಿಕೊಂಡು ಬರಬೇಡಿ, ಟ್ರಕ್ ಮೇಲೆ ತನ್ನಿ.

ಬ್ರೇಕ್ ಮತ್ತು ಟೈರ್ ಬಿಟ್ಟು ಬೇರೆ ಏನನ್ನು ಬಿಚ್ಚಿದರೂ, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಸ್ಟಾರ್ಟರ್ ಯಾವುದೇ ಇರಲಿ, ಅದರ ಮೇಲೆ ನಂಬರ್, ದಿನಾಂಕ ಇರುತ್ತದೆ. ಕೆಟ್ಟಿದೆ ಅಂತ ಗ್ಯಾರೇಜಿನವರಿಗೆ ವಾಪಸ್ ಕೊಟ್ಟು ಬರಬೇಡಿ. ತೊಳೆದು, ಒಣಗಿಸಿ, ಎಣ್ಣೆ ಸವರಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಕಾರಿನ ಚಾಸಿಸ್ ನಂಬರ್, ಬಿಚ್ಚಿದ ತಾರೀಖು, ಆಗ ಮೀಟರಿನಲ್ಲಿದ್ದ ಮೈಲಿ ಒಂದು ಚೀಟಿಯಲ್ಲಿ ಬರೆದು ಅದೇ ಚೀಲದೊಳಗೆ ಇಡಿ. ಕಾರು ಮುಂದೆ ಯಾರ ಕೈಗೆ ಹೋದರೂ ಆ ಚೀಲವೂ ಜೊತೆಗೇ ಹೋಗಲಿ.